ಹಸಿವು ತಂದುಕೊಟ್ಟ ದುಂಡವ್ವ

ಕುಂಡ್ರಿರಿ, ಒಂದೀಟು ಸರಿದು ಕುಂಡ್ರಿರಿ. ಒಳಗ ನನ್ನ ಸೊಸಿ ರೊಟ್ಟಿ ಬಡಿಯಾಕತ್ತಾಳ, ಆ ಸಪ್ಪಳ ನಿಲ್ಲೂದರೊಳಗ ಒಂದು ಕಥಿ ಆಗತೈತಿ. ನಮ್ಮಜ್ಜನ ಅಜ್ಜಗ ಇನ್ನೂ ಹಾಲಹಲ್ಲು ಮೂಡಿರಲಿಲ್ಲ, ಆವಾಗಿನ ಮಾತು ಇದು. ಗುಡ್ಡದ ಬುಡಕ ಒಂದು ಊರಿತ್ತು, ಸಜ್ಜಿಹಾಳ ಅಂತ. ಆ ಊರಾಗ ಒಬ್ಬಾಕಿ ಇದ್ದಳು, ದುಂಡವ್ವ ಅಂತ.

ದುಂಡವ್ವ ಔಷಧ ಕೊಡಾಕಿ. ಆದರ ಆಕಿ ಮನ್ಯಾಗ ಬೇರು ಇಲ್ಲ, ಭಸ್ಮ ಇಲ್ಲ, ಸೀಸೆ ಇಲ್ಲ. ಒಂದು ಒಲಿ, ಒಂದು ಮಜ್ಜಿಗಿ ಕಡಿಯೂ ಗಡಿಗಿ, ಜೀರಗಿ, ಇಂಗು, ಶುಂಠಿ, ಉಪ್ಪು. ಮುಗೀತು. ಯಾರರ ನರಳಿಕೋತ ಬಂದರ ಮೊದಲ ನಾಲಿಗಿ ಚಾಚು ಅಂತಿದ್ದಳು. ಆಮ್ಯಾಲ ಹಸಿವು ಆಗೇತೇನು ಅಂತಿದ್ದಳು. ನಿದ್ದಿ ಬರತೈತೇನು, ಬಯಲಕಡಿ ಸರಿಯಾಗಿ ಆಗತೈತೇನು, ಎಲ್ಲಾರ ಮುಂದನ ಕೇಳತಿದ್ದಳು. ನಾಚಿಕಿ ಪಟ್ಟರ ಬೈತಿದ್ದಳು.

ಆಕೀಗೆ ಓಣಿಯಾಗ ಹೋಗುವಾಗ ಹೊಗಿ ವಾಸನಿ ಮ್ಯಾಲ ಯಾರ ಮನ್ಯಾಗ ಏನು ಬೇಯಾಕತ್ತೈತಿ, ಅದನ್ನ ಉಂಡು ನಾಳೆ ಯಾರಿಗೆ ಹೊಟ್ಟಿ ಹಿಡೀತೈತಿ ಅಂತ ತಿಳೀತಿತ್ತಂತ. ಹಂಗ ಅಂತಾರಪಾ, ನಾ ಏನು ಕಂಡಿಲ್ಲ. ಊರಗೌಡಗ ವರ್ಷಗಟ್ಲೆ ಕೆಮ್ಮು. ರಾತ್ರಿ ಮೊಸರು ಬಿಡು, ಉಂಡ ಕೂಡಲೆ ಅಡ್ಡಾಗೂದು ಬಿಡು ಅಂತ ಹೇಳಿದಳಂತ. ಗೌಡ ಸಿಟ್ಟಿಗೆದ್ದ, ಆದರ ಬಿಟ್ಟ. ಕೆಮ್ಮೂ ಬಿಟ್ಟುಹೋತು. ಒಬ್ಬಾಕಿ ಬಾಣಂತಿಗೆ ಹಾಲು ಬತ್ತಿದ್ದವು, ದುಂಡವ್ವ ಬೆಳ್ಳುಳ್ಳಿ ಹಾಕಿ ಸಜ್ಜಿ ಗಂಜಿ ಕುಡಿಸಿದಳು, ಕೂಸಿನ ಜೊತಿ ಓಣಿಯಾಗಿನ ಬೆಕ್ಕಿನಮರಿಗೂ ಹಾಲು ಸಾಕಾತು ಅಂತಾರ. ಅಯ್ಯ, ನಗಬ್ಯಾಡ್ರಿ, ಅಂತಾರ ಅಂದೆ ಅಷ್ಟ.

ಈಗ ಗುಡ್ಡದ ಮಾತು ಕೇಳ್ರಿ. ಆ ಗುಡ್ಡದ ತುಂಬ ಎದಿಮಟ ಹುಲ್ಲು. ಗುಡ್ಡದ ಈಚಿಗೆ ಸಜ್ಜಿಹಾಳ, ಆಚಿಗೆ ಇನ್ನೊಂದು ಊರು. ಆ ಊರಿನ ಹೆಸರು ನಾ ಹೇಳಾಕಿ ಅಲ್ಲ, ನನ್ನ ಸೊಸಿ ಅಲ್ಲಿಯಾಕಿ, ಕೇಳಿಸಿಕೊಂಡರ ರೊಟ್ಟಿ ಸುಟ್ಟು ಹಾಕತಾಳ. ಹುಲ್ಲು ಯಾರ ದನಕ್ಕ ಅನ್ನೂದಕ್ಕ ಎರಡೂ ಊರು ಬಡದಾಡಿ ಬಡದಾಡಿ ಸಾಕಾಗಿ, ಹಿರ್ಯಾರು ಒಂದು ಪದ್ಧತಿ ಹಾಕಿದ್ದರು. ಮಳಿಗಾಲ ಮುಗಿದ ಕೂಡಲೆ ಗುಡ್ಡದ ಬುಡದ ಹಳ್ಳದ ಉಸುಕಿನ್ಯಾಗ ಎರಡೂ ಊರಿನ ಪೈಲವಾನರು ಕುಸ್ತಿ ಹಿಡೀಬೇಕು. ಗೆದ್ದ ಊರಿನ ದನ ಮುಂದಿನ ಮಳಿ ತನಕ ಗುಡ್ಡ ಏರಬೇಕು. ಸೋತವರ ದನ ಜ್ವಾಳದ ಒಣ ಕಣಕಿ ನೆಕ್ಕಬೇಕು.

ಹಿಂದಿನ ಸಲ ಸಜ್ಜಿಹಾಳ ಸೋತಿತ್ತು. ಏನು ಹೇಳಲಿ ಆ ಬ್ಯಾಸಿಗಿ! ಕರುಗಳು ಕೊಟ್ಟಿಗ್ಯಾಗ ಕುಂತವು ಏಳಲೇ ಇಲ್ಲಂತ. ಎಮ್ಮಿ ಕೆಚ್ಚಲ ಒಣಗಿದವು. ಊರಾಗ ಮಜ್ಜಿಗಿ ಕಡಿಯೂ ಸಪ್ಪಳನ ನಿಂತುಹೋತು. ದುಂಡವ್ವನೂ ಬರೇ ಬಿಸಿನೀರು, ಶುಂಠಿ ಕೊಟ್ಟು ಮಂದಿನ್ನ ಉಳಿಸಿದಳು. ಇನ್ನೊಂದು ಸಲ ಸೋತರ ಊರು ಬಿಟ್ಟು ಗುಳೇ ಹೋಗೂದ ಅಂತ ಎಲ್ಲಾರೂ ಮಾತಾಡಿಕೊಂಡಿದ್ದರು.

ಮಳಿ ಬಿದ್ದು ಹೊಲದ ಬದುವಿನ್ಯಾಗ ಹುಲ್ಲು ಬಂತು, ಎಮ್ಮಿ ಮತ್ತ ಹಾಲು ಕೊಡಾಕತ್ತವು. ಅಷ್ಟರಾಗ ಬರಮ ದೊಡ್ಡಾವ ಆಗಿದ್ದ. ಕಾಶವ್ವ ಅಂತ ಒಬ್ಬಾಕಿ, ಗಂಡ ಸತ್ತಾಕಿ, ಆಕಿ ಒಬ್ಬನ ಮಗ ಬರಮ. ಗರಡಿಯಾಗ ಅವನ ಮುಂದ ಒಬ್ಬರೂ ನಿಲ್ಲತಿರಲಿಲ್ಲ. ಊರಿಗೆ ಊರ ಸೇರಿ ಬರಮನ್ನ ನಾವ ಸಾಕೋಣು ಅಂತ ನಿಶ್ಚಯ ಮಾಡಿತು. ದಿನಾ ಒಂದೊಂದು ಮನಿಯಿಂದ ಪಾಳಿ. ಪಾಳಿ ಅಂದರ ಸುಮ್ಮನ ಅಲ್ಲ! ಒಬ್ಬರ ಮನಿಯವರು ಒಂದು ತಂಬಿಗಿ ಹಾಲು ತಂದರ ಇನ್ನೊಬ್ಬರು ಕೊಡ ತಂದರು. ಆಕಿ ತುಪ್ಪದಾಗ ಕರದು ತಂದರ ಈಕಿ ತುಪ್ಪದಾಗ ಮುಳುಗಿಸಿ ತಂದಳು. ಹಾಲು ಬಾಳೆಹಣ್ಣು ಒಬ್ಬರದು, ಅದರ ಬೆನ್ನಿಗೆ ಮೊಸರು ಒಬ್ಬರದು, ಅದರ ಬೆನ್ನಿಗೆ ಮಾಂಸದ ಸಾರು ಇನ್ನೊಬ್ಬರದು. ಪಾಳಿ ಇಲ್ಲದವರೂ ನಮ್ಮದಿಷ್ಟು ಇರಲಿ ಅಂತ ತಂದರು. ತಮ್ಮ ಮಕ್ಕಳ ಬಾಯಾಗಿಂದು ತಗದು ತಂದರು. ಬರಮ ಪಾಪದ ಹುಡುಗ, ಯಾರಿಗೂ ಒಲ್ಲೆ ಅನಲಿಲ್ಲ. ಒಲ್ಲೆ ಅಂದರ ಅವರ ಮನಸ್ಸಿಗೆ ನೋವು ಆಗತೈತಿ ಅಂತ ಎಲ್ಲಾನೂ ತಿಂದ.

ತಿಂದ, ತಿಂದ, ಕುಂತ. ಕುಂತಾವ ಅಡ್ಡಾದ. ಕುಸ್ತಿ ಹತ್ತರ ಬಂದಂಗ ಬರಮನ ಮೈ ಭಾರ, ಮೊಣಕಾಲು ಭಾರ, ಹುಳಿತೇಗು, ಹಗಲೆಲ್ಲ ನಿದ್ದಿ. ಗರಡಿಯಾಗ ನಿನ್ನೆ ಮೊನ್ನೆ ಬಂದವರು ಅವನ್ನ ಎತ್ತಿ ಒಗದರು. ದೃಷ್ಟಿ ಆಗೇತಿ ಅಂದರು ಊರವರು. ನಿಂಬೆಹಣ್ಣು ನಿವಾಳಿಸಿದರು, ಮೆಣಸಿನಕಾಯಿ ಸುಟ್ಟರು. ಸೊರಗ್ಯಾನ ಹುಡುಗ ಅಂತ ಇನ್ನಷ್ಟು ತುಪ್ಪ ತಂದರು!

ಕಡೀಕ ಗರಡಿಯಾಗ ಕುಸ್ತಿ ಕಲಸೂ ವಸ್ತಾದ ದುಂಡವ್ವನ ಮನಿಗೆ ಓಡಿದ. ಆಕಿ ಬಂದಳು, ನಾಲಿಗಿ ಚಾಚಲೇ ಅಂದಳು. ಸುಣ್ಣ ಬಳದ ಗ್ವಾಡಿಹಂಗ ಬಿಳಿ. ಹಸಿವು ಯಾವಾಗ ಆಗಿತ್ತು ಅಂತ ಕೇಳಿದಳು. ಬರಮ ಬಾಳ ಹೊತ್ತು ಯೋಚನಿ ಮಾಡಿ, ನೆನಪಿಲ್ಲ ಅಂದ.

ದುಂಡವ್ವ ಎದ್ದು ನಿಂತು ಊರವರಿಗೆ ಬೈದಳು ನೋಡ್ರಿ, ಆ ಬೈಗಳ ಆಚಿ ಊರಿಗೆ ಕೇಳಿದವು ಅಂತಾರ. ಇವಗ ದೃಷ್ಟಿ ಆಗಿಲ್ಲ, ನೀವ ಆಗೀರಿ ಅಂದಳು. ಒಲಿಯಾಗ ಹಸಿ ಕಟಗಿ ತುರುಕಿ ತುರುಕಿ ಬೆಂಕಿ ಆರಿಸೀರಿ, ಈಗ ಹೊಗಿ ಬಂತು ಅಂತ ಮತ್ತ ಕಟಗಿ ತರತೀರಿ. ಹಾಲು, ಮೊಸರು, ಸಾರು, ಅವ ಮೂರೂ ಇವನ ಹೊಟ್ಟ್ಯಾಗ ಕುಸ್ತಿ ಹಿಡದಾವ, ಇವ ಹೊರಗ ಏನು ಕುಸ್ತಿ ಹಿಡದಾನು? ನಾ ಹೇಳೂ ತನಕ ಒಂದು ಅಗಳೂ ಈ ಹೊಸ್ತಿಲು ದಾಟಬಾರದು ಅಂದಳು.

ಗೌಡ ಹೆದರಿದ. ಉಪವಾಸ ಕೆಡವಿ ಪೈಲವಾನನ್ನ ಉಸುಕಿಗೆ ಇಳಸತೀ ಏನು, ಹುಡುಗ ಸೋತರ ಯಾರು ಹೊಣಿ ಅಂದ. ದುಂಡವ್ವ ಹಿಂದ ಮುಂದ ನೋಡಲಿಲ್ಲ. "ಬರಮ ಸೋತರ ಈ ಊರಾಗ ನನ್ನ ಒಲಿ ಹೊತ್ತೂದಿಲ್ಲ. ಗಡಿಗಿ ಹೊತ್ತು ಹೊಂಟೆ," ಅಂದಳು.

ಅಂದಾಕಿ ಕಾಶವ್ವನ ಮನಿ ಕಟ್ಟಿಮ್ಯಾಲ ಕಡಗೋಲು ಹಿಡಕೊಂಡು ಕುಂತಳು. ತುಪ್ಪ ತಂದವರನ್ನ ತಿರುಗಿಸಿದಳು. ಗೌಡತಿ ಬೆಳ್ಳಿ ಬಟ್ಟಲದಾಗ ತಂದಳು, ಆಕಿನ್ನೂ ತಿರುಗಿಸಿದಳು. ಬರಮಗ ಬಿಸಿನೀರು, ಉಪ್ಪು ಹಚ್ಚಿದ ಶುಂಠಿ ಚೂರು, ಆಮ್ಯಾಲ ಜೀರಗಿ ಹಾಕಿದ ತಿಳಿಗಂಜಿ, ಅಷ್ಟ. ತೇಗು ನಿಂತವು. ನಾಲಿಗಿ ತಿಳಿ ಆಗಾಕತ್ತಿತು. ಊರವರು ಉಸುರು ಬಿಟ್ಟರು.

ಒಂದು ಮುಂಜಾನೆ ಬಂದು ನೋಡತಾಳ, ನಾಲಿಗಿ ಮತ್ತ ಬೆಳ್ಳಗ! ಬರಮ ಹೊಟ್ಟಿ ಹಿಡಕೊಂಡು ಹೊಳ್ಳಾಡಾಕತ್ತಾನ. ಹೋಳಗಿ ತಿಂದೀದಿ ಅಂದಳು ದುಂಡವ್ವ, ಬಾಗಲದಾಗ ನಿಂತು ವಾಸನಿ ಮ್ಯಾಲ. ಬರಮ ಮೂಲಿಕಡೆ ನೋಡಿದ. ಮೂಲ್ಯಾಗಿಂದ ಕಾಶವ್ವ ಬಿಕ್ಕಿ ಬಿಕ್ಕಿ ಅತ್ತಳು. ಮಗ ದಿನಾ ಇಳದು ಹೋಗೂದನ್ನ ಹೆತ್ತಾಕಿ ಹ್ಯಾಂಗ ನೋಡಲಿ, ಕದ್ದು ಮುಚ್ಚಿ ನಾನ ತಿನಿಸಿದೆ ಅಂದಳು.

ದುಂಡವ್ವ ಬೈಯಾಕ ಬಾಯಿ ತಗದಾಕಿ ಹಂಗ ನಿಂತಳಂತ. ಕಾಶವ್ವ ಕಣ್ಣು ಒರಸಿಕೊಳ್ಳಾಕ ಕೈ ಎತ್ತಿದ್ದಳು, ಆ ಕೈಯಾಗ ಎಲುಬು ಬಿಟ್ಟರ ಏನೂ ಇರಲಿಲ್ಲ. ಕುಬಸದ ತೋಳು ಜೋಳಗಿಹಂಗ ಜೋತುಬಿದ್ದಿತ್ತು. ಊರಿಗೆ ಊರ ಮಗನ್ನ ನೋಡಿತ್ತು, ಈಕಿನ್ನ ಯಾರೂ ನೋಡಿರಲಿಲ್ಲ. ನಾಲಿಗಿ ನೋಡೂ ದುಂಡವ್ವನೂ ನೋಡಿರಲಿಲ್ಲ.

"ಕಾಶೀ, ನೀ ಹೊಟ್ಟಿ ತುಂಬ ಉಂಡದ್ದು ಯಾವಾಗ ಹೇಳು," ಅಂದಳು.

ಕಾಶವ್ವ ಕೈ ಸೆರಗಿನ್ಯಾಗ ಮುಚ್ಚಿಕೊಂಡಳು. ಗಂಡ ಸತ್ತಾಗಿಂದ ಮಗ ಉಂಡು ಉಳದದ್ದ ಆಕಿ ಊಟ. ಉಳೀಲಿಲ್ಲ ಅಂದರ ನೀರು. ಊರವರು ಪಾಳಿ ತಂದಾಗ ಅದು ಪೈಲವಾನನ ಪಾಲು ಅಂತ ಬೆರಳೂ ಅದ್ದಿರಲಿಲ್ಲ ಆ ತಾಯಿ.

ದುಂಡವ್ವನ ಕಣ್ಣಾಗ ನೀರು ಬಂದವು, ಅದರ ಹಿಂದ ಸಿಟ್ಟೂ ಬಂತು. ಬರಮನ ಕಡಿಗೆ ತಿರುಗಿದಳು. ಏಳೋ, ಬೀಸುಕಲ್ಲು ಹಿಡಿ ಅಂದಳು. ಇವತ್ತಿನಿಂದ ಜ್ವಾಳ ಬೀಸಾವ ನೀ, ನೀರು ಸೇದಾವ ನೀ, ರೊಟ್ಟಿ ಬಡಿಯಾವ ನೀ. ನಿಮ್ಮವ್ವ ಉಂಡು, ಕೈ ತೊಳಕೊಂಡು, ತಂಪಾಗಿ ತೇಗೂ ತನಕ ನೀ ಬಟ್ಟಲ ಮುಟ್ಟೀದಿ ಅಂದರ ಇದ ಕಡಗೋಲಿನ್ಯಾಗ ಬೆನ್ನು ಮುರೀತೀನಿ.

ಅಷ್ಟು ದೊಡ್ಡ ಪೈಲವಾನ ಒಲಿ ಮುಂದ ಕುಂತ. ಮೊದಲನೇ ರೊಟ್ಟಿ ಹರದುಹೋತು, ಎರಡನೇದು ಹೊತ್ತಿತು. ಓಣಿ ಮಂದಿ ಕಿಟಕ್ಯಾಗ ನಿಂತು ನಕ್ಕರು. ಅವ ನಗಲಿ ಬಿಡು ಅಂತ ಬಡದ. ಅವ್ವಗ ಮೊದಲ ಗಂಜಿ, ಆಮ್ಯಾಲ ಮೆತ್ತಗ ಹೆಸರಬ್ಯಾಳಿ, ಆಮ್ಯಾಲ ರೊಟ್ಟಿ ಪಲ್ಯ. ಕಾಶವ್ವ ಒಂದೊಂದ ತುತ್ತು ಅಂಜಿ ಅಂಜಿ ತಿಂದಳು, ಎದರಿಗೆ ಮಗ ಕಾಯಕೋತ ಕುಂತ. ದಿನಾ ಬೀಸಿದ, ದಿನಾ ಸೇದಿದ, ದಿನಾ ಕಾದ. ಕಾಶವ್ವನ ಗಲ್ಲ ತುಂಬಿದಂಗ ಬರಮನ ಮೈ ಹಗುರಾತು.

ಒಂದಿನ ಏನಾತು ಅಂದರ, ಕಾಶವ್ವ ಬಿಸಿ ರೊಟ್ಟಿ ಮುರಿದು, ಉಳ್ಳಾಗಡ್ಡಿ ಕಚ್ಚಿ, ಶೇಂಗಾ ಚಟ್ನಿ ಹಚ್ಚಿಕೊಂಡಳು. ಬರಮ ನೋಡಿದ. ಬಾಯಾಗ ನೀರು ಬಂತು. ಹೊಟ್ಟಿ ಗುರ್ ಅಂತು. ಅವ ಎದ್ದ, ಅಂಗಳಕ್ಕ ಬಂದ, ಎದಿ ಉಬ್ಬಿಸಿ ಒದರಿದ:

"ಯವ್ವಾ! ಹಸಿವಾಗೇತಿ!"

ಯಪ್ಪಾ, ಆ ಒದರೂದಕ್ಕ ಗುಡ್ಡದ ಮ್ಯಾಲಿನ ನವಿಲು ಹಾರಿದವು ಅಂತಾರ. ಹೊಲದಾಗಿನವರು ಕುರಪಿ ಒಗದು ಓಡಿ ಬಂದರು. ಹಸಿವಾಗೇತಂತ, ಬರಮಗ ಹಸಿವಾಗೇತಂತ ಅಂತ ಓಣಿ ಓಣಿ ಸಾರಿದರು. ಹಲಗಿ ಬಡದರು. ಗೌಡ ರುಮಾಲು ಹಾರಿಸಿ ಕುಣದ ಅಂತಾರ. ದುಂಡವ್ವ ಮಾತ್ರ, ಅವ್ವ ತೇಗಲಿ ತಡಿ ಅಂದಳಂತ.

ಕುಸ್ತಿ ದಿನ ಬಂತು. ದುಂಡವ್ವ ಹೊತ್ತು ಮೂಡುವಾಗ ಒಂದು ಬಟ್ಟಲ ಅಂಬಲಿ ಕುಡಿಸಿ ಸಾಕು ಅಂದಳು. ಗೌಡತಿ ಬೆಳ್ಳಿ ಬಟ್ಟಲ ಮತ್ತ ತಂದಳು. ಅದನ್ನ ಹಳ್ಳಕ್ಕ ತಗೊಂಡು ಬಾ, ಗೆದ್ದ ಮ್ಯಾಲ ಅಂದಳು. ಅತ್ತಾಗ ಆಚಿ ಊರಿನ ಪೈಲವಾನ ಧೂಳಪ್ಪ, ಆನಿಯಂಥಾವ. ಅವನ ಊರವರೂ ನಮ್ಮವರಂಥವರ, ಹಳ್ಳಕ್ಕ ಇಳಿಯೂ ತನಕ ಉಂಡಿ ತಿನಿಸಿಕೋತ ಬಂದಿದ್ದರು. ಬರಮನ್ನ ನೋಡಿ, ಇದೇನು ಕೋಲು ಕಳಸೀರಿ ಅಂತ ಕೇಕೆ ಹಾಕಿದರು.

ಹಿಡದರು. ಧೂಳಪ್ಪ ಮೊದಲಿಗೆ ಬರಮನ್ನ ಉಸುಕಿನ್ಯಾಗ ಒತ್ತಿದ. ಒತ್ತಿದಾವ ಒತ್ತಿದಂಗ ಇದ್ದ. ಬರಮ ಜಾರಿದ, ಎದ್ದ, ಮತ್ತ ಹಿಡದ. ಬಿಸಿಲು ಏರಿತು. ಧೂಳಪ್ಪ ಢರ್ರ್ ಅಂತ ತೇಗಿದ. ಆ ತೇಗು ದುಂಡವ್ವಗ ಕೇಳಿತು ನೋಡ್ರಿ, ಆಕಿ ಕಾಶವ್ವನ ಕೈ ಗಟ್ಟಿ ಹಿಡಕೊಂಡು, ಮುಗೀತು ಕಾಶೀ, ಧೂಳಪ್ಪ ಇನ್ನ ನಮ್ಮ ಕೈಯಾಗ ಸಿಕ್ಕ ಅಂದಳು. ಧೂಳಪ್ಪ ಏದುಸುರು ಬಿಡಾಕತ್ತ. ಬರಮ ಬೀಸುಕಲ್ಲು ತಿರುವಿದ ತೋಳು ಅವನ ನಡಕ್ಕ ಹಾಕಿದ, ಕೊಡ ಸೇದಿದಂಗ ಒಮ್ಮೆಲೆ ಮ್ಯಾಲಕ್ಕ ಸೇದಿದ, ಒಗದ. ಧೂಳಪ್ಪ ಅಂಗಾತ!

ಚಿತ್! ಸಜ್ಜಿಹಾಳದವರು ಹುಚ್ಚೆದ್ದರು. ಹೆಂಗಸರು ಸೆರಗು ಬೀಸಿದರು. ದನಕಾಯೂವರು ಕಣ್ಣಿ ಬಿಚ್ಚಿದರು, ಬಡಕಲು ದನ ಗುಡ್ಡ ಏರಿ ಎದಿಮಟ ಹುಲ್ಲಾಗ ಮೂತಿ ಇಟ್ಟವು. ಬರಮನ್ನ ಹೆಗಲ ಮ್ಯಾಲ ಹೊತ್ತರು. ಗೌಡತಿ ಬಟ್ಟಲ ಹಿಡಕೊಂಡು ಓಡಿಬಂದಳು, ಎಲ್ಲಾರೂ ಬುತ್ತಿ ಬಿಚ್ಚಿದರು, ತಿನ್ನು ತಿನ್ನು ಅಂದರು.

ಬರಮ ಹೆಗಲ ಮ್ಯಾಲ ಕುಂತಾವ ಕೇಳಿದ, "ನಮ್ಮವ್ವ ಉಂಡಾಳೇನು?"

ಎಲ್ಲಾರೂ ಕಾಶವ್ವನ ಕಡಿಗೆ ಹೊಳ್ಳಿದರು. ಮಗನ ಕುಸ್ತಿ ಅಂತ ಮುಂಜಾನಿಂದ ಒಂದು ತುತ್ತೂ ಇಳಿದಿರಲಿಲ್ಲ ಆಕೀಗೆ. ಬರಮ ಕೆಳಗ ಇಳಿದ. ಉಸುಕಿನ್ಯಾಗ ಅವ್ವನ್ನ ಕುಂಡ್ರಿಸಿದ. ರೊಟ್ಟಿ ಮುರದು ಕೈಯಾಗ ಇಟ್ಟ. ಗೌಡತಿ ಬೆಳ್ಳಿ ಬಟ್ಟಲದ ತುಪ್ಪ ತನ್ನ ಕೈಯಾರೆ ಆಕಿ ರೊಟ್ಟಿ ಮ್ಯಾಲ ಸುರದಳು. ಎರಡೂ ಊರು ಸುತ್ತ ನಿಂತು ನೋಡಿದವು. ಗೆದ್ದ ಪೈಲವಾನ ಹಸಗೊಂಡು ಕಾಯಕೋತ ಕುಂತ, ಹೆತ್ತಾಕಿ ಅಳಕೋತ ನಗಕೋತ ಉಂಡಳು. ಆಕಿ ತೇಗಿದ ಮ್ಯಾಲನ ಎಲ್ಲಾರೂ ಬುತ್ತಿಗೆ ಕೈ ಹಾಕಿದರಂತ. ಅಷ್ಟು ರುಚಿಯ ಊಟ ಆ ಊರಾಗ ಹಿಂದ ಆಗಿರಲಿಲ್ಲ ಅಂತಾರ.

ಮರುದಿನ ಆಚಿ ಊರವರು ಹೊಟ್ಟಿ ಉಬ್ಬಿದ ಧೂಳಪ್ಪನ್ನ ಗಾಡಿಯಾಗ ಹಾಕ್ಕೊಂಡು ದುಂಡವ್ವನ ಬಾಗಲಕ್ಕ ತಂದರು. ನಾಲಿಗಿ ಚಾಚಲೇ ಅಂದಳು ಆಕಿ.

ಕಾಲ ಕಳೀತು, ದುಂಡವ್ವ ತೀರಿಹೋದಳು, ಬರಮನೂ ಹೋದ. ಆದರ ಸಜ್ಜಿಹಾಳದಾಗ ಇವತ್ತಿಗೂ ಬೀಗರು ಬಂದರ ಊಟ ಆತೇನು ಅಂತ ಕೇಳೂದಿಲ್ಲ, ಹಸಿವಾಗೇತೇನು ಅಂತ ಕೇಳತಾರ. ಇಲ್ಲ ಅಂದರ ಒತ್ತಾಯ ಮಾಡೂದಿಲ್ಲ, ಒಂದು ಬಟ್ಟಲ ಜೀರಗಿ ಮಜ್ಜಿಗಿ ಕೊಟ್ಟು ಸುಮ್ಮನ ಕುಂಡ್ರತಾರ. ಗುಡ್ಡಕ್ಕ ದನ ಬಿಡೂ ದಿನ ಎರಡೂ ಊರಿನವರು ಹಳ್ಳದ ಉಸುಕಿನ್ಯಾಗ ಸೇರತಾರ. ಅವತ್ತು ಗಂಡಸರದ ಅಡಗಿ. ಮನಿಯಾಗ ದಿನಾ ಕಡೀಕ ಉಣ್ಣಾಕಿ ಯಾರೋ, ಆಕಿ ಅವತ್ತು ಮೊದಲ ಉಣ್ಣತಾಳ. ಆಕಿ ತೇಗೂ ತನಕ ಗೌಡನೂ ಕಾಯಬೇಕು, ಪೈಲವಾನನೂ ಕಾಯಬೇಕು.

ಕೇಳ್ರಿ, ರೊಟ್ಟಿ ಸಪ್ಪಳ ನಿಂತತು. ಎಲ್ಲಿ ಹೊಂಟ್ರಿ ತಾಟು ಹಿಡಕೊಂಡು? ಹಸಿವು ತಡೀರಿ ಒಂದೀಟು. ಏ ತಂಗೀ, ಹಿಟ್ಟಿನ ಕೈ ತೊಳಕೊಂಡು ಹೊರಗ ಬಾ, ಇಲ್ಲಿ ನನ್ನ ಮಗ್ಗಲಕ ಕುಂಡ್ರು. ಇವತ್ತು ನಾ ನೀಡತೀನಿ, ನೀ ಮೊದಲ ಉಣ್ಣು.