ಗೀರು ಬೀಳದ ಸೈಕಲ್ಲು

ಜೋಗಿಮಟ್ಟಿಯ ಸವಾರಿ ಹೊರಡುವ ಮುನ್ನ ನಮ್ಮ ಸೈಕಲ್ ಸಂಘದ ಅಧ್ಯಕ್ಷರಾದ ಚನ್ನವೀರಪ್ಪನವರು ನನ್ನ ಹೊಸ ಮೌಂಟನ್ ಬೈಕನ್ನು ತಡೆದು ನಿಲ್ಲಿಸಿದರು.

"ಮೈಗೆ ಗೀರು ತಡೆಯುವ ಪಾರದರ್ಶಕ ರಕ್ಷಣಾ ಫಿಲ್ಮ್ ಅಂಟಿಸದ ಸೈಕಲ್ಲಿಗೆ ಬೆಟ್ಟ ಹತ್ತುವ ಅವಕಾಶವಿಲ್ಲ, ಮೇಡಂ. ಫಿಲ್ಮ್ ಇದ್ದುದರಿಂದಲೇ ನನ್ನದು ಬಂಡೆಯ ಮೇಲಿಂದ ಉರುಳಿದರೂ ಒಂದು ಗೀರಿಲ್ಲದೆ ಉಳಿಯಿತು."

ಆ ಕಥೆಯಲ್ಲಿ ಬಂಡೆಯು ವರ್ಷದಿಂದ ವರ್ಷಕ್ಕೆ ಎತ್ತರವಾಗುತ್ತಿರುವುದನ್ನು ನಾನು ಗಮನಿಸಿದ್ದೆ. ಆದರೆ ವಾದಕ್ಕಿಳಿದರೆ ಸವಾರಿ ತಪ್ಪುತ್ತಿತ್ತು.

"ಹಾಗಾದರೆ ಇಂದು ನಿಮ್ಮ ಸೈಕಲ್ಲನ್ನೇ ಕೊಡಿ, ಸರ್. ನಾನು ಪದೇ ಪದೇ ಬೀಳುವವಳು. ನಿಮ್ಮದಕ್ಕಂತೂ ಏನೂ ಆಗುವುದಿಲ್ಲವಲ್ಲ," ಎಂದೆ.

ಅಧ್ಯಕ್ಷರು ಸೈಕಲ್ಲನ್ನು ಎರಡೂ ಕೈಗಳಿಂದ ಅಪ್ಪಿಕೊಂಡರು. "ಅಯ್ಯೋ, ಬೇಡಮ್ಮ! ಗೀರು ಬಿದ್ದೀತು!"

ಜೊತೆಗಾರರೆಲ್ಲ ಗೊಳ್ಳೆಂದು ನಕ್ಕರು. ನಿಯಮ ಅಲ್ಲಿಯೇ ರದ್ದಾಯಿತು. ಗೆದ್ದ ಗತ್ತಿನಲ್ಲಿ ನಾನು ನನ್ನ ಸೈಕಲ್ ಏರಿ ಕುಳಿತೆ. ಕೆಳಗಿನಿಂದ ಸರಪರ ಸದ್ದಾಯಿತು.

ಅಧ್ಯಕ್ಷರು ಬಗ್ಗಿ ನೋಡಿದರು. "ಸೀಟಿಗೆ ಸುತ್ತಿದ ಅಂಗಡಿಯ ಪ್ಲಾಸ್ಟಿಕ್ ಕವರನ್ನು ಇನ್ನೂ ತೆಗೆದಿಲ್ಲವೇ, ಮೇಡಂ?"

"ತೆಗೆದರೆ ಕೊಳೆಯಾದೀತಲ್ಲ, ಸರ್!"

ಬಾಯಿಂದ ಮಾತು ಹೊರಬಿದ್ದ ಮೇಲೆಯೇ ಅದು ನನ್ನ ಕಿವಿಗೂ ಬಿದ್ದದ್ದು.