ಪಚ್ಚೆಯ ಕೊಳಕ್ಕೆ ಬಂದ ಬಾತುಗಳು

ಗುಮ್ಮನಗಡ ಎಂಥ ಮಹಾಸಾಮ್ರಾಜ್ಯವೆಂದರೆ, ದೊರೆ ತಿಪ್ಪನಾಯಕ ಅರಮನೆಯಲ್ಲಿ ಸೀನಿದರೆ ನಾಲ್ಕೂ ಗಡಿಯಾಚೆಯ ಮಂದಿ "ನೂರು ವರ್ಷ ಬಾಳಪ್ಪ" ಎನ್ನುತ್ತಿದ್ದರು. ಅಂಥ ದೊರೆ ಒಂದು ಬೆಳಿಗ್ಗೆ ತೋಟದ ಕೊಳದ ಮೆಟ್ಟಿಲ ಮೇಲೆ ನಿಂತು ಮೀಸೆ ತಿರುವಿದ.

"ಯಾವ ಚಕ್ರವರ್ತಿಗಿದೆಯಯ್ಯಾ ಇಂಥ ಕೊಳ? ನೀರೇ ಕಾಣದಷ್ಟು ಹಸಿರು!"

ನೀರು ಕಾಣದಿದ್ದದ್ದು ನಿಜ. ಎಳ್ಳಿಗಿಂತ ತುಸು ದೊಡ್ಡ ಎಲೆಯ ತೇಲುಸೊಪ್ಪು ದಡದಿಂದ ದಡಕ್ಕೆ ಹಾಸಿಕೊಂಡಿತ್ತು. ಅದಕ್ಕೆ ಕಾರಣ ಅರಮನೆಯ ಪದ್ಧತಿ. ದೊರೆ ದಿನಾ ಮೀನಿಗೆ ಒಂದು ಅನ್ನದುಂಡೆ ಎಸೆಯುತ್ತಿದ್ದ. ದೊರೆ ಎಸೆದ ಮೇಲೆ ಆಸ್ಥಾನಿಕರು ಸುಮ್ಮನಿರಲಾದೀತೆ? ಅವರೂ ಒಂದೊಂದು ಉಂಡೆ, ಆಮೇಲೆ ಪೈಪೋಟಿಗೆ ಎರಡೆರಡು. ಮೀನು ತಿಂದು ಮಿಕ್ಕಿದ್ದೆಲ್ಲ ಕೊಳೆತು ಸೊಪ್ಪಿಗೆ ಗೊಬ್ಬರವಾಗಿತ್ತು. ಮೇಲೆ ಹಸಿರು ಹಬ್ಬಿದಷ್ಟೂ ಕೆಳಗೆ ಮೀನು ಉಸಿರುಗಟ್ಟಿ ಮಗುಚುತ್ತಿದ್ದವು.

"ಬರಿಯ ಹಸಿರಲ್ಲ ಪ್ರಭು, ಪಚ್ಚೆ ಹರಳಿನ ನೆಲಗಟ್ಟು! ಎಲೆಯೆಲೆಯೂ ರತ್ನ!" ಎಂದ ಆಸ್ಥಾನಕವಿ ನರಹರಿ ಪಂಡಿತ. ಈತನ ಬೆನ್ನುಮೂಳೆ ಮಾಡುವ ಹೊತ್ತಿಗೆ ಬ್ರಹ್ಮ ಊಟಕ್ಕೆ ಎದ್ದುಹೋಗಿದ್ದನಂತೆ.

"ರತ್ನ, ರತ್ನ" ಎಂದರು ಉಳಿದವರು.

ಅಷ್ಟರಲ್ಲಿ ಕಾವಲಿನವರು ತೋಟದ ಈರಕ್ಕನನ್ನು ಎಳೆತಂದರು. ಮೀನಿನ ಮೇಲಿನ ಕನಿಕರಕ್ಕೆ ಅವಳು ಒಂದು ಮಂಕರಿ ಸೊಪ್ಪು ಬಾಚಿ ತೆಗೆದಿದ್ದಳು.

"ರಾಜರತ್ನ ಕದ್ದಿದ್ದಾಳೆ! ಗಡೀಪಾರು ಮಾಡಿ ಪ್ರಭು!" ಪಂಡಿತ ಕಿರುಚಿದ.

"ಸೊಪ್ಪು ಬುದ್ಧೀ, ಬರೀ ಸೊಪ್ಪು! ಮೀನು ಸಾಯ್ತಾವೆ ಅಂತ..."

ದೊರೆಗೆ ಪೇಚು. ಸೊಪ್ಪೆಂದರೆ ಮೀಸೆ ತಿರುವಿದ್ದು ದಂಡ. "ಪಂಡಿತರು ಪಚ್ಚೆ ಎಂದಮೇಲೆ ಪಚ್ಚೆಯೇ. ಸಂಜೆಯೊಳಗೆ ಇವಳು ಊರು ಬಿಡಲಿ."

ಕಂಬಕ್ಕೊರಗಿ ಕಡಲೆ ಮೆಲ್ಲುತ್ತಿದ್ದ ವಿದೂಷಕ ಮರುಳಪ್ಪನಿಗೆ ಮೈ ಉರಿಯಿತು. ಇಡೀ ಅರಮನೆಯಲ್ಲಿ ದುಡಿದು ಉಣ್ಣುವ ಜೀವ ಇದೊಂದೇ, ಇದನ್ನೂ ಓಡಿಸುತ್ತಾರಲ್ಲ! ಆದರೆ ಸೊಪ್ಪು ಎಂದು ಬಾಯಿಬಿಟ್ಟರೆ ಈರಕ್ಕನ ಹಿಂದೆ ತನ್ನ ಗಂಟೂ ಹೊರಡುತ್ತದೆ. ಕಡಲೆ ನುಂಗಿ, ಸೊಂಟ ಬಗ್ಗಿಸಿದ.

"ಪಚ್ಚೆಯೇ ಪ್ರಭು, ಅನುಮಾನವಿಲ್ಲ. ನಾವು ಮೂಢರು, ಎಮ್ಮೆ ಮೇವು ಅಂದುಕೊಂಡಿದ್ದೆವು. ಇಂಥ ಕಣ್ಣಿರುವ ಪಂಡಿತರಿಗೆ ಬಹುಮಾನ ಬೇಡವೆ?"

ಪಂಡಿತ ಹಲ್ಲು ಕಿರಿದ. "ಏನೋ, ಪ್ರಭುಗಳ ದಯೆ..."

"ಇನ್ನುಮುಂದೆ ಇವರಿಗೆ ಉಗ್ರಾಣದ ಅಕ್ಕಿ, ತುಪ್ಪ ಯಾಕೆ ಪ್ರಭು? ಛೆ, ರತ್ನಪರೀಕ್ಷಕರಿಗೆ ಅವಮಾನ! ರತ್ನ ಎಂದವರಿಗೆಲ್ಲ ಸಂಬಳ ಪಚ್ಚೆಯಲ್ಲೇ ಆಗಲಿ. ತಾವೇ ಬಾಚಿ ತಾವೇ ಹೊತ್ತೊಯ್ಯಲಿ. ಆಳುಗಳ ಕೈಗೆ ಕೊಟ್ಟರೆ ಕದ್ದಾರು!"

ಉಗ್ರಾಣ ಉಳಿಯುವುದೆಂದರೆ ದೊರೆಗೆ ಪಾಯಸ. "ಭೇಷ್! ಹಾಗೇ ಆಗಲಿ."

ಪಂಡಿತನ ಹಲ್ಲು ಒಳಹೋದವು. "ಪ್ರಭು, ಮನೆಯಲ್ಲಿ... ಇದನ್ನು ಬೇಯಿಸುವುದು ಹೇಗೆ?"

"ಪಚ್ಚೆಯನ್ನು ಯಾರಾದರೂ ಬೇಯಿಸುತ್ತಾರೆಯೆ ಪಂಡಿತರೇ? ಪೇಟೆಯಲ್ಲಿ ಮಾರಿ, ಅರಮನೆ ಕಟ್ಟಿಸಿ. ಬೇಯಿಸುವಂಥದ್ದಾದರೆ ಅದು ಸೊಪ್ಪು. ಸೊಪ್ಪಾದರೆ ಈರಕ್ಕ ಕಳ್ಳಿಯಲ್ಲ. ಯಾವುದು ಹೇಳಿಬಿಡಿ."

ಪಂಡಿತ ಮನಸ್ಸಿನಲ್ಲೇ ತಕ್ಕಡಿ ಹಿಡಿದ. ಒಂದು ತಟ್ಟೆಯಲ್ಲಿ ದೊರೆಯ ಕೋಪ, ಇನ್ನೊಂದರಲ್ಲಿ ಹೆಂಡತಿಯ ಸೌಟು. ಸೌಟೇ ತೂಗಿತು.

"ಸೊ... ಸೊಪ್ಪೇ ಪ್ರಭು."

"ಸೊಪ್ಪು, ಸೊಪ್ಪು" ಎಂದರು ಉಳಿದವರು.

ದೊರೆಯ ಕಣ್ಣು ಕೆಂಪಾಯಿತು. ಮರುಳಪ್ಪ ಮೆಲ್ಲಗೆ ಉಸುರಿದ: "ಪ್ರಭುಗಳು ಹಸಿರು ಅಂದರಷ್ಟೇ. ಪಚ್ಚೆ ಅಂದದ್ದು ಇವರು."

"ಹೌದಲ್ಲವೆ!" ದೊರೆ ಗುಡುಗಿದ. "ಈರಕ್ಕನನ್ನು ಬಿಡಿ. ಇವರನ್ನು ಕೊಳಕ್ಕಿಳಿಸಿ!"

ಆಸ್ಥಾನಕ್ಕೆ ಆಸ್ಥಾನವೇ ಪಂಚೆ ಎತ್ತಿಕಟ್ಟಿ ಸೊಪ್ಪು ಬಾಚಿತು. ಈರಕ್ಕ ದಡದಲ್ಲಿ ಕೂತು ಕೈತೋರಿಸುತ್ತಿದ್ದಳು: "ಪಂಡಿತರೇ, ಆ ಮೂಲೇಲಿ ಒಂದು ರತ್ನ ಉಳಿದೈತೆ ನೋಡಿ!" ಅಂದು ಪಂಡಿತನ ಕಿವಿಗೆ ಹೊಕ್ಕ ಎಲೆ ಒಳಗೇ ಹಬ್ಬಿ, ಆಮೇಲೆ ಅವನ ಕಾವ್ಯವೆಲ್ಲ ಪಾಚಿ ವಾಸನೆ ಹೊಡೆಯುತ್ತಿತ್ತಂತೆ. ನಂಬಬಹುದು, ಮೊದಲೂ ಹಾಗೇ ಹೊಡೆಯುತ್ತಿತ್ತು.

ಒಂದೆಲೆ ಉಳಿದರೂ ಮತ್ತೆ ಹಬ್ಬುವ ಸೊಪ್ಪದು. ಮರುಳಪ್ಪನ ಮಾತಿನಂತೆ ಅನ್ನದುಂಡೆ ನಿಂತಿತು, ಕೊಳಕ್ಕೆ ಬಾತುಕೋಳಿಗಳು ಬಂದವು.

ಒಂದು ದಿನ ದೊರೆ ಕಿವಿ ಮುಚ್ಚಿಕೊಂಡ. "ಏನೋ ಮರುಳಪ್ಪ, ಇವುಗಳ ಗದ್ದಲ ಆಸ್ಥಾನದಷ್ಟೇ ಇದೆಯಲ್ಲೋ!"

"ಗದ್ದಲ ಅಷ್ಟೇ ಪ್ರಭು. ಆದರೆ ಇವು ಸೊಪ್ಪನ್ನು ಸೊಪ್ಪೆಂದೇ ತಿನ್ನುತ್ತವೆ. ರತ್ನ ಎಂದು ಹೇಳಿ ಅನ್ನ ತಿನ್ನುವುದಿಲ್ಲ."

ದೊರೆ ಬಿದ್ದುಬಿದ್ದು ನಕ್ಕ. ಗಡಿಯಾಚೆಯವರು ಅದನ್ನೂ ಸೀನೆಂದೇ ತಿಳಿದು "ನೂರು ವರ್ಷ ಬಾಳಪ್ಪ" ಎಂದರು.