ದಾನಮ್ಮನ ಚಾಪೆ

ಹೊಳೆದಂಡೆಯ ಮಠದಲ್ಲಿ ದಾನಮ್ಮ ಎಂಬ ತಾಯಿ ಇದ್ದರು. ಮಂತ್ರ ಇಲ್ಲ, ತಾಯಿತ ಇಲ್ಲ. ಎದೆ ಭಾರವಾದವರು ಬಂದು ಬೇವಿನ ಮರದ ಕೆಳಗೆ ಅವರ ಚಾಪೆಯ ಮೇಲೆ ಕೂತು ಮಾತಾಡುತ್ತಿದ್ದರು. ಅಮ್ಮ ಕೇಳುತ್ತಿದ್ದರು, ಅಷ್ಟೆ.

ಈಗ ಅಮ್ಮ ಹಾಸಿಗೆ ಹಿಡಿದಿದ್ದರು. ಇನ್ನು ಏಳುವುದಿಲ್ಲ ಎಂದು ಅವರಿಗೂ ಗೊತ್ತಿತ್ತು, ಶಿಷ್ಯ ಚೆನ್ನವೀರನಿಗೂ ಗೊತ್ತಿತ್ತು. ಬಂದವರ ಜೊತೆ ಕೂರುವ ಕೆಲಸ ಅವನ ಪಾಲಿಗೆ ಬಂತು.

ಅವನು ಅಮ್ಮನ ಹಾಗೆಯೇ ಕೂತ. ಅವರ ಹಾಗೆಯೇ ತಲೆ ಓರೆ ಮಾಡಿದ, ಅವರ ಮಾತುಗಳನ್ನೇ ಆಡಿದ. ಪುಣ್ಯಾತ್ಮ, ಅವರ ಕೆಮ್ಮನ್ನೂ ಬಿಡಲಿಲ್ಲ.

ಒಂದು ದಿನ ಅಂಬಿಗ ಯಂಕಪ್ಪ ಬಂದ. ನೆರೆಯಲ್ಲಿ ಅವನ ದೋಣಿ ಮಗುಚಿ, ಜೊತೆಗಿದ್ದ ತಮ್ಮ ನೀರುಪಾಲಾಗಿದ್ದ. ಅಂದಿನಿಂದ ಯಂಕಪ್ಪ ದೋಣಿ ಮುಟ್ಟಿರಲಿಲ್ಲ, ಸರಿಯಾಗಿ ಉಂಡಿರಲಿಲ್ಲ. ಸ್ವಲ್ಪ ಹೊತ್ತು ಮಾತಾಡಿದವನು ಚೆನ್ನವೀರನ ಮುಖ ನೋಡಿ ಎದ್ದುಬಿಟ್ಟ. ಇನ್ನು ಬರುವುದಿಲ್ಲ, ಅಮ್ಮನಿಗೊಂದು ನಮಸ್ಕಾರ ಮಾಡಿ ಹೋಗುತ್ತೇನೆ ಎಂದು ಅಂಗಳದ ಕಲ್ಲಿನ ಮೇಲೆ ಕೂತ.

ಚೆನ್ನವೀರ ಹೆದರಿದ. ಇವನು ಹೀಗೇ ಹೋದರೆ ಹೊಳೆಗೇ ಹೋಗುತ್ತಾನೆ ಅನ್ನಿಸಿತು. ಒಳಗೆ ಓಡಿಹೋಗಿ ಅಮ್ಮನಿಗೆ ನಡೆದದ್ದನ್ನೆಲ್ಲ ಹೇಳಿದ.

"ನಿಮ್ಮ ಮಾತನ್ನೇ ಹೇಳಿದೆನಮ್ಮ, ಒಂದಕ್ಷರ ಬಿಡಲಿಲ್ಲ. ನೀವು ಹೋದ ಮೇಲೆ ನಾನು ಯಾರನ್ನು ಕೇಳಲಿ?" ಅಂದವನಿಗೆ ಅಳು ಬಂತು.

ಅಮ್ಮ ಅವನನ್ನು ಅಳುವುದಕ್ಕೆ ಬಿಟ್ಟರು. ಆಮೇಲೆ ಕೇಳಿದರು:

"ನಿನ್ನ ಅವ್ವ ತೀರಿಕೊಂಡಾಗ ಇಲ್ಲಿಗೆ ಬಂದೆಯಲ್ಲ, ಅವತ್ತು ನಾನು ನಿನಗೆ ಏನು ಹೇಳಿದೆ?"

ಚೆನ್ನವೀರ ಯೋಚಿಸಿದ. ಮರ ನೆನಪಾಯಿತು, ಹೊಳೆಯ ಸಪ್ಪಳ ನೆನಪಾಯಿತು. ಅಮ್ಮ ಆಡಿದ ಮಾತು ಒಂದೂ ನೆನಪಾಗಲಿಲ್ಲ. ಅವನಿಗೆ ನಾಚಿಕೆಯಾಯಿತು.

"ಮರೆತಿದ್ದೇನಮ್ಮ."

"ಮತ್ತೆ ಏನು ಉಳಿದಿದೆ?"

"ನಾನು ಬಾಯಿ ಬಿಡದೆ ಕೂತಿದ್ದೆ. ಬಿಸಿಲು ನನ್ನ ಮೇಲೆ ಬಂದಾಗಲೆಲ್ಲ ನೀವು ನನ್ನನ್ನು ಎಬ್ಬಿಸಿ, ಚಾಪೆಯನ್ನು ನೆರಳಿಗೆ ಎಳೆದು, ಮತ್ತೆ ಪಕ್ಕದಲ್ಲೇ ಕೂರುತ್ತಿದ್ದಿರಿ. ಸಂಜೆಯ ಹೊತ್ತಿಗೆ ಮರದ ಈ ಕಡೆಯಿಂದ ಆ ಕಡೆಗೆ ಬಂದಿದ್ದೆವು."

ಅಮ್ಮ ಕಷ್ಟಪಟ್ಟು ಕಿಟಕಿಯ ಕಡೆ ಹೊರಳಿದರು. ಯಂಕಪ್ಪ ಇನ್ನೂ ತಲೆ ತಗ್ಗಿಸಿ ಅಲ್ಲೇ ಕೂತಿದ್ದ. ಅಮ್ಮ ಮೆಲ್ಲಗೆ ಅಂದರು:

"ಆ ಕಲ್ಲಿಗೆ ಬಿಸಿಲು ಬಂತು, ನೋಡಪ್ಪ."